“ಅಲ್ಲ, ನಿಜವಾಗಿ ಎಲ್ಲಿಯವರು?” ಅಂದಾಗ ಏನು ಹೇಳೋದು

ನಮ್ಮ ತಿಪಟೂರಿನಲ್ಲಿ ‘ಜನಾಂಗ’ ಅಂದರೆ ಬ್ಯಾನರಿನ ಮೇಲಿನ ಪದ. ಇಂಥ ಜನಾಂಗದ ಸಮುದಾಯ ಭವನ, ಇಂಥ ಜನಾಂಗದ ವಿದ್ಯಾರ್ಥಿನಿಲಯ, ಇಂಥ ಜನಾಂಗದ ಪ್ರತಿಭಾ ಪುರಸ್ಕಾರ. ಅಂದರೆ ಜಾತಿ. ಸಮಾಜ ಪಾಠದಲ್ಲಿ ಮಾತ್ರ ಅದೇ ಪದ ಬೇರೆ ವೇಷ ಹಾಕಿಕೊಂಡು ಬರುತ್ತಿತ್ತು: ದ್ರಾವಿಡ ಜನಾಂಗ, ಮಂಗೋಲಾಯ್ಡ್ ಜನಾಂಗ. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನಪಿಟ್ಟುಕೊಂಡವರನ್ನು ನಾನು ಕಂಡಿಲ್ಲ. ಮೈಬಣ್ಣಕ್ಕಂತೂ ಪ್ರತ್ಯೇಕ ನಿಘಂಟೇ ಇತ್ತು, ವಧು-ವರರ ಜಾಹೀರಾತಿನದು: ಎಣ್ಣೆಗೆಂಪು, ಗೋಧಿಬಣ್ಣ, ‘ಸ್ವಲ್ಪ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ’.

ಈ ಗಂಟು ಕಟ್ಟಿಕೊಂಡೇ ನಾನು 19 ವರ್ಷದ ಹಿಂದೆ ನ್ಯೂಜೆರ್ಸಿಗೆ ಬಂದಿಳಿದೆ. ಮಗನನ್ನು ಶಾಲೆಗೆ ಸೇರಿಸಲು ಹೋದಾಗ ಕೊಟ್ಟ ಫಾರಂನಲ್ಲಿ ‘ರೇಸ್’ ಅಂತ ಒಂದು ಸಾಲು, ಅದೇ ಪಾಠಪುಸ್ತಕದ ‘ಜನಾಂಗ’. ಕೌಂಟರಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಗಂಡನಿಗೆ ಫೋನ್ ಮಾಡಿದೆ. “ನಾವು ಯಾವ ರೇಸು ರೀ?” “ಏಷ್ಯನ್ ಅಂತ ಟಿಕ್ ಮಾಡು.” “ಏಷ್ಯನ್ ಅಂದ್ರೆ ಚೀನಾದವರಲ್ವಾ?” ಆ ಕಡೆಯಿಂದ ನಗು. ಅವತ್ತು ಬೆಳಿಗ್ಗೆವರೆಗೆ ನನಗೆ ರೇಸ್ ಅನ್ನೋದೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸಿಕ್ಕಿತ್ತು.

ಹೊಸದಾಗಿ ಬಂದವರು, ಬಂದು ಬಹಳ ವರ್ಷವಾದರೂ ಈ ಮಾತು ಬಂದಾಗ ತಟ್ಟೆ ಕಡೆ ನೋಡುವವರು, ಇಬ್ಬರಿಗೂ ಇದನ್ನು ಬರೆಯುತ್ತಿದ್ದೇನೆ. ಆಫೀಸಿನ ಪಾರ್ಟಿ, ನೆರೆಮನೆಯ ಬಾರ್ಬೆಕ್ಯೂ, ಮಕ್ಕಳ ಹುಟ್ಟುಹಬ್ಬ, ಬೇರೆ ದೇಶದ ಬೀಗರ ಮನೆ ಊಟ. ಹಲವು ಬಣ್ಣದವರು ಒಂದೇ ಮೇಜಿನ ಸುತ್ತ ಕೂತ ಕಡೆ ನಮ್ಮ ಮೂಲದ ಮಾತು ಬಂದರೆ ಏನು ಮಾಡೋದು ಅಂತ. ಹೆಚ್ಚಿನದು ಅಮೆರಿಕದ ಅನುಭವ.

ಹೆಜ್ಜೆ 1: ಮನೆಯಲ್ಲೇ ಒಂದು ವಾಕ್ಯ ಕಟ್ಟಿಟ್ಟುಕೊಳ್ಳಿ

ಪಾರ್ಟಿಯಲ್ಲಿ ನಿಂತು ಯೋಚಿಸಿದರೆ ಹೊಳೆಯೋದಿಲ್ಲ. ಕನ್ನಡಿಗ, ಭಾರತೀಯ, ಸೌತ್ ಏಷ್ಯನ್, ಬ್ರೌನ್, ದೇಸಿ, ಇಂಡಿಯನ್ ಅಮೆರಿಕನ್ – ಇವುಗಳಲ್ಲಿ ಯಾವುದು ನಿಮ್ಮ ಬಾಯಿಗೆ ಹೊಂದುತ್ತದೆ ಅಂತ ಒಂದೊಂದನ್ನೂ ಜೋರಾಗಿ ಹೇಳಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ‘ದೇಸಿ’ ಅಂದರೆ ನನಗೆ ನಾಟಿಕೋಳಿ ನೆನಪಾಗುತ್ತದೆ; ನಾನು ಬಳಸೋದಿಲ್ಲ. ‘ಬ್ರೌನ್’ ಅನ್ನೋದು ನನ್ನ ಮಗನಿಗೆ ಸಲೀಸು, ನನಗೆ ಇನ್ನೂ ಬೂಟ್ ಪಾಲಿಶ್ ಡಬ್ಬಿ. ನನ್ನ ವಾಕ್ಯ ಹೀಗಿದೆ: “ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಭಾರತದ ಕರ್ನಾಟಕದಲ್ಲಿ, ಬೆಂಗಳೂರು ಇರುವ ರಾಜ್ಯ. ಮನೆ ಮಾತು ಕನ್ನಡ. ಈಗ ಹತ್ತೊಂಬತ್ತು ವರ್ಷದಿಂದ ನ್ಯೂಜೆರ್ಸಿಯವಳು.” ಕೊನೆಯ ಭಾಗ ಬಿಡಬೇಡಿ. ಅದನ್ನು ಬಿಟ್ಟರೆ ನಿನ್ನೆ ತಾನೇ ವಿಮಾನ ಇಳಿದವರ ಹಾಗೆ ನೋಡುತ್ತಾರೆ.

ಒಂದೇ ಪದ ದೇಶ ಬದಲಾದರೆ ಅರ್ಥ ಬದಲಿಸುತ್ತದೆ ಅನ್ನೋದು ಗೊತ್ತಿರಲಿ. ಲಂಡನ್ನಿನಲ್ಲಿ ಬರೀ ‘ಏಷ್ಯನ್’ ಅಂದರೆ ಸಾಮಾನ್ಯವಾಗಿ ನಾವು, ಪಾಕಿಸ್ತಾನದವರು, ಬಾಂಗ್ಲಾದವರು. ಅಮೆರಿಕದಲ್ಲಿ ಅದೇ ಪದಕ್ಕೆ ಜನರ ಮನಸ್ಸಿಗೆ ಮೊದಲು ಬರೋದು ಚೀನಾ, ಕೊರಿಯಾ, ಜಪಾನು. ‘ಕಲರ್ಡ್’ ಅನ್ನೋದು ಅಮೆರಿಕದಲ್ಲಿ ಬಾಯಿಗೆ ತರಬಾರದ ಹಳೆಯ ಪದ. ದಕ್ಷಿಣ ಆಫ್ರಿಕಾದಲ್ಲಿ ಅದೇ ಒಂದು ದೊಡ್ಡ ಸಮುದಾಯದ ಹೆಸರು. ದುಬೈಯಲ್ಲಿ ಅರಬ್ಬರು “ನೀನು ಹಿಂದಿಯಾ?” ಅಂದರೆ “ಅಲ್ಲ, ಕನ್ನಡ” ಅಂತ ಸೆಟೆದು ನಿಲ್ಲಬೇಡಿ. ಅರಬ್ಬಿಯಲ್ಲಿ ಹಿಂದಿ ಅಂದರೆ ಭಾರತೀಯ ಅಂತ ಅಷ್ಟೇ. ನಮ್ಮವರು ಬಹಳ ಜನ ಅಲ್ಲಿ ಸುಮ್ಮನೆ ಜಗಳಕ್ಕೆ ನಿಂತಿದ್ದಾರೆ.

ಇನ್ನು ಪಟ್ಟಿಯ ವಿಷಯ. ಅಮೆರಿಕದ ಜನಗಣತಿ ನಮ್ಮನ್ನು ಏನು ಮಾಡಿದೆ ಅಂತ ತಿಳಿದರೆ ‘ನಾನು ಯಾವ ರೇಸು’ ಅನ್ನೋ ಗಾಬರಿ ಅರ್ಧ ಇಳಿಯುತ್ತದೆ. 1930, 1940ರ ಗಣತಿಯಲ್ಲಿ ‘ಹಿಂದೂ’ ಅನ್ನೋದೇ ಒಂದು ರೇಸ್. ಕ್ಯಾಲಿಫೋರ್ನಿಯಾದ ಹೊಲದಲ್ಲಿ ದುಡಿಯುತ್ತಿದ್ದ ಸಿಖ್ಖನೂ ಹಿಂದೂ, ಮುಸಲ್ಮಾನನೂ ಹಿಂದೂ. 1970ರಲ್ಲಿ ನಮ್ಮವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ಇಲ್ಲಿದ್ದ ಭಾರತೀಯ ಸಂಘಟನೆಗಳು ಪಟ್ಟು ಹಿಡಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಅನ್ನೋ ಚೌಕ ಬಂತು. ಐವತ್ತು ವರ್ಷದಲ್ಲಿ ಅದೇ ಚರ್ಮಕ್ಕೆ ಮೂರು ಹೆಸರು.

ಇಲ್ಲೇ ಒಂದು ಎಚ್ಚರಿಕೆ. ಪ್ರತಿ ಪಾರ್ಟಿಯಲ್ಲೂ ಒಬ್ಬ ಅಂಕಲ್ ಇರುತ್ತಾರೆ, ಎರಡನೇ ಗ್ಲಾಸ್ ಆದಮೇಲೆ “ಟೆಕ್ನಿಕಲಿ ನಾವು ಕಕೇಶಿಯನ್ನೇ, ಬಿಳಿಯರ ಗುಂಪೇ” ಅಂತ ಶುರು ಮಾಡುವವರು. ಆ ವಾದವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು ಸೋತವರಿದ್ದಾರೆ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಪೌರತ್ವ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಕಕೇಶಿಯನ್, ಆದ್ದರಿಂದ ಬಿಳಿಯ ಅಂತ ಅವರ ವಾದ. 1923ರಲ್ಲಿ ಕೋರ್ಟು, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯ ನಿನ್ನನ್ನು ಬಿಳಿಯ ಅನ್ನೋದಿಲ್ಲ ಅಂದುಬಿಟ್ಟಿತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನೂ ಕಳೆದುಕೊಂಡರು. ನೂರು ವರ್ಷದ ಹಿಂದೆ ಮಣ್ಣು ಮುಕ್ಕಿದ ವಾದವನ್ನು ಸಮೋಸದ ತಟ್ಟೆ ಹಿಡಿದು ಮತ್ತೆ ಎತ್ತಬೇಡಿ. ಅದರಲ್ಲೂ ಪಕ್ಕದಲ್ಲಿ ಬ್ಲ್ಯಾಕ್ ಸ್ನೇಹಿತರು ಕೂತಿದ್ದಾಗ ಅದು ಕೇಳಿಸುವ ರೀತಿಯೇ ಬೇರೆ.

ಹೆಜ್ಜೆ 2: ಉತ್ತರ ಕೊಡುವ ಮೊದಲು ಕೇಳಿದವರನ್ನು ನೋಡಿ

ಇದೇ ನನ್ನ ಪ್ರಕಾರ ಇಡೀ ವಿಷಯದ ನಡುಗಂಬ. ಪ್ರಶ್ನೆ ಒಂದೇ, ಕೇಳುವವರು ಬೇರೆ ಬೇರೆ.

ಒಂದು ಜುಲೈ, ಪಕ್ಕದ ಮನೆಯ ಹಿತ್ತಲು. ಗ್ರಿಲ್ ಮೇಲೆ ಜೋಳದ ತೆನೆ, ಮೇಜಿನ ತುದಿಯಲ್ಲಿ ನಾನು ಒಯ್ದಿದ್ದ ಚಿತ್ರಾನ್ನ. ಅದರ ಕಡಲೆಬೀಜವನ್ನು ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾ ಹಿರಿಯರೊಬ್ಬರು “ಎಲ್ಲಿಯವರು ನೀವು?” ಅಂದರು. “ಮೂರನೇ ಮನೆ” ಅಂದೆ. “ಅಲ್ಲ, ನಿಜವಾಗಿ ಎಲ್ಲಿಯವರು?” “ಮೊದಲು ಎಡಿಸನ್‌ನಲ್ಲಿದ್ವಿ.” “ಅದಕ್ಕೂ ಮೊದಲು?” ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಹಠ ಬಂತು. ಊರಿನ ಹೆಸರು ಹೇಳದೆ ಐದು ನಿಮಿಷ ಆಟ ಆಡಿಸಿದೆ. ಕೊನೆಗೆ ಗೊತ್ತಾಯಿತು, ಆ ಮನುಷ್ಯ ಅಮೆರಿಕ ಸರ್ಕಾರದ ಸ್ವಯಂಸೇವಕರ ಪಡೆ ಪೀಸ್ ಕೋರ್‌ನಲ್ಲಿ ಎರಡು ವರ್ಷ ಕರ್ನಾಟಕದ ಹಳ್ಳಿಯಲ್ಲಿದ್ದವರು. ಸಾಸಿವೆ ಒಗ್ಗರಣೆಯ ವಾಸನೆಗೇ ಮೇಜಿನ ಹತ್ತಿರ ಬಂದಿದ್ದರು. “ಊಟ ಆಯ್ತಾ?” ಅಂತ ಕನ್ನಡದಲ್ಲೇ ಕೇಳಿದರು. ನನ್ನ ಮುಖ ನೋಡಬೇಕಿತ್ತು ಆಗ.

ಹಾಗಂತ ಎಲ್ಲರೂ ಅವರ ಹಾಗಲ್ಲ. 2022ರ ನವೆಂಬರ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಒಂದು ಸಮಾರಂಭದಲ್ಲಿ ಎನ್ಗೋಜಿ ಫುಲಾನಿ ಎಂಬ ಬ್ರಿಟಿಷ್ ಬ್ಲ್ಯಾಕ್ ಮಹಿಳೆಯನ್ನು ರಾಜಮನೆತನದ ಹಿರಿಯ ಸಹಾಯಕಿ ಲೇಡಿ ಸೂಸನ್ ಹಸ್ಸಿ ಹೀಗೇ ಕೇಳಿದರು. ಬ್ರಿಟನ್ನಿನಲ್ಲೇ ಹುಟ್ಟಿದವಳು ಅಂತ ಫುಲಾನಿ ಹೇಳಿದರೂ ಪ್ರಶ್ನೆ ನಿಲ್ಲಲಿಲ್ಲ: ನಿಮ್ಮ ಜನ ಎಲ್ಲಿಯವರು, ನಿಜವಾಗಿ ಎಲ್ಲಿಂದ ಬಂದಿರಿ. ಸುದ್ದಿ ಹೊರಬಿದ್ದ ಮೇಲೆ ಹಸ್ಸಿ ಹುದ್ದೆ ಬಿಟ್ಟರು, ಮುಂದಿನ ತಿಂಗಳು ಎದುರು ಕೂತು ಕ್ಷಮೆ ಕೇಳಿದರು. ಮೊದಲ ಸಲ ಕೇಳಿದ್ದು ಕುತೂಹಲ ಅನ್ನಬಹುದು. ಕೊಟ್ಟ ಉತ್ತರವನ್ನು ಒಪ್ಪದೆ ಮತ್ತೆ ಮತ್ತೆ ಕೇಳಿದಾಗ ಅದು ಬೇರೆಯಾಯಿತು.

ಆದ್ದರಿಂದ ನನ್ನ ಕ್ರಮ ಇಷ್ಟು. ಮೊದಲ ಸಲ ಕೇಳಿದರೆ ನಿಮಗೆ ತೋಚಿದ ಉತ್ತರ ಕೊಡಿ. ಈಗಿನ ಊರನ್ನೇ ಹೇಳಿದರೂ ತಪ್ಪಿಲ್ಲ. ಎರಡನೇ ಸಲ ‘ನಿಜವಾಗಿ’ ಬಂದರೆ ಅವರ ಪ್ರಶ್ನೆಯನ್ನು ನೀವೇ ಬಿಡಿಸಿ ಹೇಳಿ: “ನಮ್ಮ ಅಪ್ಪ-ಅಮ್ಮನ ಊರು ಕೇಳುತ್ತಿದ್ದೀರಾ?” ಒಳ್ಳೆ ಮನಸ್ಸಿನವರು ಇಲ್ಲೇ ಸ್ವಲ್ಪ ನಾಚಿ “ಹೌದು” ಅನ್ನುತ್ತಾರೆ. ಆಗ ಹೇಳಿ, ಮುಗಿಸಿ, “ನಿಮ್ಮವರು?” ಅಂತ ತಿರುಗಿಸಿ. ಬಿಳಿಯ ಅಮೆರಿಕನ್ನರಲ್ಲಿ ಬಹಳಷ್ಟು ಜನಕ್ಕೆ ಐರ್ಲೆಂಡಿನದೋ ಪೋಲೆಂಡಿನದೋ ಮುತ್ತಜ್ಜಿಯ ಕಥೆ ಹೇಳಲು ಭಾರೀ ಖುಷಿ. ಯಾರೂ ಕೇಳಿರೋದಿಲ್ಲ, ಪಾಪ. ಮೂರನೇ ಸಲವೂ ಬಿಡದಿದ್ದರೆ “ಸ್ವಲ್ಪ ನೀರು ತಗೊಂಡು ಬರ್ತೀನಿ” ಅಂತ ಎದ್ದುಬಿಡಿ. ವಾಪಸ್ ಹೋಗಬೇಕಾಗಿಲ್ಲ.

ಹೆಜ್ಜೆ 3: ಹೊಗಳಿಕೆ, ಹಾಸ್ಯ

“ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ” ಅಂದವರಿಗೆ “ನಿಮ್ಮದೂ ಪರವಾಗಿಲ್ಲ” ಅನ್ನೋ ಉತ್ತರ ಎಲ್ಲರಿಗೂ ಗೊತ್ತು. ಒಮ್ಮೆ ಹೇಳಿ ನೋಡಿದೆ, ಮೇಜು ಗಪ್‌ಚಿಪ್. ಗೆದ್ದೆ, ಆದರೆ ಉಳಿದ ಸಂಜೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಈಗ “ಹೌದಾ? ನಾನು ಮೊದಲು ಕಲಿತದ್ದು ಕನ್ನಡ. ಎರಡು ಸಾವಿರ ವರ್ಷದ ಭಾಷೆ, ಲಿಪಿ ದುಂಡಗೆ” ಅಂತ ಕಾಗದದ ನ್ಯಾಪ್‌ಕಿನ್ ಮೇಲೆ ಅವರ ಹೆಸರನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಮಾತು ನನ್ನ ಉಚ್ಚಾರಣೆಯಿಂದ ಅವರ ಹೆಸರಿಗೆ ಹೋಗುತ್ತದೆ. ಇದು ಎಲ್ಲ ಕಡೆ ಕೆಲಸ ಮಾಡಿದೆ.

ಹಾಸ್ಯಕ್ಕೆ ಈ ಮದ್ದು ನಾಟೋದಿಲ್ಲ. ‘ಇಂಡಿಯನ್’ ಅಂದ ಕೂಡಲೇ “ಬೊಟ್ಟಿನವರಾ, ಗರಿಯವರಾ?” ಅನ್ನೋ ಜೋಕು ಇನ್ನೂ ಬದುಕಿದೆ: ಬೊಟ್ಟು ನಾವು, ಗರಿ ಈ ನೆಲದ ಮೂಲನಿವಾಸಿಗಳು. ಒಂದೇ ಕಲ್ಲಿಗೆ ಎರಡು ಹಕ್ಕಿ. ನಗಬೇಡಿ. ಬಯ್ಯಲೂ ಬೇಡಿ. “ಅರ್ಥ ಆಗಲಿಲ್ಲ, ಬಿಡಿಸಿ ಹೇಳ್ತೀರಾ?” ಅಂತ ಕೇಳಿ ಸುಮ್ಮನೆ ಕಾಯಿರಿ. ಬಿಡಿಸಿ ಹೇಳಿದರೆ ಜೋಕು ಸಾಯುತ್ತದೆ.

ನ್ಯೂಜೆರ್ಸಿಯವರಿಗೆ ಬೊಟ್ಟು ಹಗುರ ವಿಷಯವಲ್ಲ. 1987ರಲ್ಲಿ ಜರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ (ಡಾಟ್ ಅಂದರೆ ಬೊಟ್ಟು) ಅಂತ ಹೆಸರಿಟ್ಟುಕೊಂಡ ಗುಂಪು ಭಾರತೀಯರನ್ನು ಓಡಿಸುತ್ತೇವೆ ಅಂತ ಪತ್ರಿಕೆಗೆ ಕಾಗದ ಬರೆದಿತ್ತು. ಅದೇ ವರ್ಷ ಪಕ್ಕದ ಹೊಬೊಕನ್‌ನಲ್ಲಿ ನವರೋಜ್ ಮೋದಿ ಎಂಬ ಯುವಕನನ್ನು ಬಡಿದು ಕೊಂದರು. ಅವರು ಪಾರ್ಸಿ, ಬೊಟ್ಟಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ಆಗ ಬಸ್ ಹತ್ತುವ ಮುಂಚೆ ಸೆರಗಿನ ತುದಿಯಲ್ಲಿ ಕುಂಕುಮ ಒರೆಸಿಕೊಂಡು, ಮನೆ ಬಾಗಿಲಲ್ಲಿ ಮತ್ತೆ ಇಟ್ಟುಕೊಳ್ಳುತ್ತಿದ್ದರಂತೆ. ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಕುಂಕುಮದ ಭರಣಿ. ಈ ಕಥೆಯನ್ನು ನಾನು ಜೋಕು ಹೇಳಿದವರೊಬ್ಬರಿಗೆ ಒಮ್ಮೆ ಹೇಳಿದ್ದೇನೆ, ದನಿ ಏರಿಸದೆ. ಅವರು ನಿಜಕ್ಕೂ ಕೇಳಿಸಿಕೊಂಡರು.

ಹೆಜ್ಜೆ 4: ಇಡೀ ಇಂಡಿಯಾದ ವಕಾಲತ್ತು ವಹಿಸಬೇಡಿ

ಮೇಜಿನಲ್ಲಿ ನೀವೊಬ್ಬರೇ ಭಾರತೀಯರಾದರೆ ಪ್ರಶ್ನೆಗಳೆಲ್ಲ ನಿಮ್ಮ ಕಡೆ. ಎಲ್ಲರೂ ಸಸ್ಯಾಹಾರಿಗಳಾ? ಮದುವೆ ಅಪ್ಪ-ಅಮ್ಮನೇ ಮಾಡೋದಾ? ‘ಸ್ಪೆಲ್ಲಿಂಗ್ ಬೀ’ ಸ್ಪರ್ಧೆಯಲ್ಲಿ ನಿಮ್ಮ ಮಕ್ಕಳೇ ಯಾಕೆ ಗೆಲ್ಲೋದು? “ನಮ್ಮ ಮನೆಯಲ್ಲಿ ಹೀಗೆ” ಅಂತ ಶುರು ಮಾಡಿ, ಅಲ್ಲೇ ಮುಗಿಸಿ. ‘ನಾವು ಭಾರತೀಯರು’ ಅಂತ ಶುರುವಾದ ವಾಕ್ಯ ಕೊನೆ ಮುಟ್ಟುವ ಹೊತ್ತಿಗೆ ಸುಳ್ಳಾಗಿರುತ್ತದೆ. ಉಡುಪಿಯ ಊಟ ಒಂದು, ಮಂಡ್ಯದ ಬಾಡೂಟ ಇನ್ನೊಂದು, ಎರಡಕ್ಕೂ ನಡುವೆ ಒಂದೇ ಘಾಟಿ.

ಕಷ್ಟದ ಪ್ರಶ್ನೆ ಜಾತಿಯದು. “ನೀವು ಯಾವ ಕ್ಯಾಸ್ಟ್?” ಅಂತ ಅಮೆರಿಕನ್ ಸಹೋದ್ಯೋಗಿ ಮುಗ್ಧವಾಗಿ ಕೇಳುತ್ತಾರೆ, ರಾಶಿ ಕೇಳಿದ ಹಾಗೆ. ಅದೇ ಮೇಜಿನಲ್ಲಿ ಇನ್ನೊಬ್ಬ ಭಾರತೀಯರಿದ್ದರೆ ಈ ಪ್ರಶ್ನೆ ಅವರನ್ನು ಎಲ್ಲಿ ತಾಕುತ್ತದೆ ಅಂತ ನಿಮಗೆ ಗೊತ್ತಿರೋದಿಲ್ಲ. ಮೇಲ್ಜಾತಿಯಲ್ಲಿ ಹುಟ್ಟಿದವರು ನಗುತ್ತಾ ಉತ್ತರಿಸಿದರೆ ಪಕ್ಕದವರಿಗೆ ಸುಳ್ಳು ಹೇಳುವ, ಇಲ್ಲವೇ ಬಯಲಾಗುವ ಇಕ್ಕಟ್ಟು. ನಾನು ಹೇಳೋದು: “ಅದು ಊಟದ ಮೇಜಿನ ಪ್ರಶ್ನೆಯಲ್ಲ. ನಿಮ್ಮ ದೇಶದ ರೇಸ್ ಎಷ್ಟು ಭಾರವೋ ಅದೂ ಅಷ್ಟೇ ಭಾರ.” ಈ ಹೋಲಿಕೆ ನನ್ನದಲ್ಲ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಕೇರಳಕ್ಕೆ ಬಂದಾಗ ಶಾಲೆಯೊಂದರ ಮುಖ್ಯಸ್ಥರು ದಲಿತ ಮಕ್ಕಳ ಮುಂದೆ ಅವರನ್ನು ‘ಅಮೆರಿಕದಿಂದ ಬಂದ ನಮ್ಮಂಥ ಅಸ್ಪೃಶ್ಯರು’ ಅಂತ ಪರಿಚಯಿಸಿದರಂತೆ. ಮೊದಲು ಬೇಸರವಾಯಿತು, ಯೋಚಿಸಿದ ಮೇಲೆ ಹೌದು ಅನ್ನಿಸಿತು ಅಂತ ಕಿಂಗ್ ಅವರೇ 1965ರಲ್ಲಿ ಹೇಳಿಕೊಂಡಿದ್ದಾರೆ.

ನಮ್ಮೊಳಗಿನ ಸುತ್ತುಬಳಸಿನ ತನಿಖೆಯೂ ಇದೇ ಲೆಕ್ಕಕ್ಕೆ. “ಪೂರ್ತಿ ಹೆಸರೇನು?”, “ಬೆಂಗಳೂರಲ್ಲಿ ಯಾವ ಏರಿಯಾ?”, “ಮೊಟ್ಟೆನೂ ತಿನ್ನಲ್ವಾ?” – ಎಲ್ಲಿಗೆ ಹೋಗುತ್ತಿದೆ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಡಿ ತಂದಿತು. ಅಮೆರಿಕದಲ್ಲಿ ಅದೇ ಮೊದಲ ನಗರ. ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದೇ ಮಸೂದೆ ಶಾಸನಸಭೆ ದಾಟಿತು, ಅಕ್ಟೋಬರ್‌ನಲ್ಲಿ ಗವರ್ನರ್ ತಡೆಹಿಡಿದರು. ಕೂಟದಲ್ಲಿ ಈ ಬಗ್ಗೆ ಮಾತೆತ್ತಿದರೆ ಒಬ್ಬಟ್ಟು ಬಡಿಸುವವರ ಕೈಯೂ ನಿಲ್ಲುತ್ತದೆ.

ಹೆಜ್ಜೆ 5: ಈಗ ನಾವು ಕೇಳುವ ಸರದಿ

ಒಂದು ಯುಗಾದಿಗೆ ಸಹೋದ್ಯೋಗಿಯೊಬ್ಬರನ್ನು ಕನ್ನಡ ಕೂಟಕ್ಕೆ ಕರೆದೊಯ್ದೆ. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಊಟದ ಹಾಲ್, ಉದ್ದಕ್ಕೆ ಕಾಗದದ ಎಲೆ, ಮೈಕಿನಲ್ಲಿ ಯಾರದೋ ಕಾರು ಅಡ್ಡ ನಿಂತಿದೆ ಅನ್ನೋ ಪ್ರಕಟಣೆ. ಅವರು ಬ್ಲ್ಯಾಕ್. ಬೇವು-ಬೆಲ್ಲ ಬಾಯಿಗಿಟ್ಟುಕೊಂಡು ಮುಖ ಹಿಂಡಿ ನಗುತ್ತಿದ್ದರು. ಎದುರಿನ ಹಿರಿಯರೊಬ್ಬರು ನನ್ನನ್ನು ಕನ್ನಡದಲ್ಲಿ ಕೇಳಿದರು: “ಇವರು ಯಾವ ದೇಶದೋರಮ್ಮ? ನೈಜೀರಿಯಾನಾ?” ಆ ಒಂದು ಪದ ಅವರಿಗೆ ತಿಳಿಯಿತು. “ನ್ಯೂವರ್ಕ್” ಅಂದರು ಮೃದುವಾಗಿ. ನ್ಯೂಜೆರ್ಸಿಯದೇ ಊರು, ನಮ್ಮ ಹಾಲ್‌ನಿಂದ ಅರ್ಧ ಗಂಟೆ ದಾರಿ. “ನೋ ನೋ, ಒರಿಜಿನಲಿ?” ಅಂದರು ಹಿರಿಯರು.

ಹಿತ್ತಲಿನಲ್ಲಿ ಅದೇ ಮಾತಿಗೆ ಹಠ ಹಿಡಿದಿದ್ದ ನಾನು ಏನು ಮಾಡಿದೆ ಅಂದುಕೊಂಡಿರಿ? ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಳ್ಳಿ ಅಂತ ಅವರಿಗೆ ಉಪಚಾರ ಹೇಳುತ್ತಾ ಕೂತಿದ್ದೆ.

ವಾಪಸ್ ಬರುವಾಗ ಕಾರಿನಲ್ಲಿ ಸಹೋದ್ಯೋಗಿಯೇ ಹೇಳಿದರು. ಮುತ್ತಜ್ಜ ಜಾರ್ಜಿಯಾ ರಾಜ್ಯದಿಂದ ರೈಲು ಹತ್ತಿ ಬಂದವರು; 1910ರಿಂದ 1970ರವರೆಗೆ ದಕ್ಷಿಣ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದ ಸುಮಾರು 60 ಲಕ್ಷ ಬ್ಲ್ಯಾಕ್ ಜನರಲ್ಲಿ ಒಬ್ಬರು. ಅದಕ್ಕೂ ಹಿಂದೆ? 1870ರ ಜನಗಣತಿಯವರೆಗೆ ಹುಡುಕಬಹುದಂತೆ. ಅದರ ಹಿಂದಿನ ಎರಡು ಗಣತಿಗಳಲ್ಲಿ ಗುಲಾಮರಿಗಾಗಿ ಬೇರೆ ಹಾಳೆ: ಯಜಮಾನನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಗುಲಾಮರ ಹೆಸರಿಗೆ ಜಾಗವಿಲ್ಲ. “ಒರಿಜಿನಲಿ ಅಂತ ಕೇಳಿದರಲ್ಲ, ನನಗೂ ಅದೇ ಬೇಕು” ಅಂದರು. ಎರಡನೇ ಹೆಜ್ಜೆಯಲ್ಲಿ “ನಿಮ್ಮವರು?” ಅಂತ ತಿರುಗಿಸಿ ಕೇಳಿ ಅಂದೆನಲ್ಲ, ಅದು ಎಲ್ಲರಿಗೂ ಅಲ್ಲ ಅನ್ನೋದು ಇದಕ್ಕೇ.

ಪದಗಳ ಮಾತಿಗೆ ಬರೋಣ. ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ, ಕೆಂಚಪ್ಪ ಎಲ್ಲ ಮನೆದೇವರ ಹೆಸರು. ಅಜ್ಜಿ ಮೊಮ್ಮಗನನ್ನು “ಬಾರೋ ಕರಿಯಾ” ಅಂದರೆ ಮುದ್ದು. ಅದೇ ಪದವನ್ನು ಲಿಫ್ಟಿನಲ್ಲಿ ಇನ್ನೊಬ್ಬರ ಕಡೆ ಕಣ್ಣು ಹಾಯಿಸಿ ಹೇಳಿದರೆ ಮುದ್ದು ಉಳಿಯೋದಿಲ್ಲ. ಕರಿಯ ಅನ್ನೋ ಅರ್ಥದ ಹಿಂದಿಯ ‘ಕಲ್ಲೂ’ ಅಂತೂ ನಮ್ಮ ಜೊತೆ ಕೆಲಸ ಮಾಡುವ ಎಷ್ಟೋ ಬ್ಲ್ಯಾಕ್ ಜನಕ್ಕೆ ಗೊತ್ತು. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ತಿಳಿಯೋದಿಲ್ಲ ಅನ್ನೋ ಧೈರ್ಯ ಬೇಡ. ಭಾಷೆ ತಿಳಿಯದಿದ್ದರೂ ಕತ್ತು ತಿರುಗಿದ್ದು ಎಲ್ಲರಿಗೂ ತಿಳಿಯುತ್ತದೆ. ಹಳೆಯ ಪಾಠಪುಸ್ತಕದ ‘ನೀಗ್ರೋ’ ಬಿಟ್ಟುಬಿಡಿ. ‘ಬ್ಲ್ಯಾಕ್’ ಅಂತಲೇ ಹೇಳಿ, ಕನ್ನಡ ವಾಕ್ಯದ ನಡುವೆಯೂ.

ಇನ್ನೊಂದು ವಾಕ್ಯವನ್ನು ಬಾಯಿಂದ ಶಾಶ್ವತವಾಗಿ ತೆಗೆದುಬಿಡಿ: “ನಾವು ಎರಡು ಸೂಟ್‌ಕೇಸ್ ಹಿಡಿದು ಬಂದು ಮೇಲೆ ಬಂದ್ವಿ, ಇವರು ಯಾಕೆ ಬರಲಿಲ್ಲ?” ಎರಡು ಸೂಟ್‌ಕೇಸಿನ ಜೊತೆ ಇಂಜಿನಿಯರಿಂಗ್ ಪದವಿ ಇತ್ತು ಅನ್ನೋದನ್ನು ನಾವು ಮರೆಯುತ್ತೇವೆ. ವೀಸಾ ಎಲ್ಲಿಂದ ಬಂತು ಅನ್ನೋದನ್ನೂ. 1923ರ ಆ ತೀರ್ಪಿನ ಮೇಲೆ 1946ರವರೆಗೆ ಭಾರತೀಯರಿಗೆ ಪೌರತ್ವ ಬಹುತೇಕ ಇಲ್ಲವೇ ಇಲ್ಲ. ಆಮೇಲೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು! ಆ ಬಾಗಿಲು ನಿಜಕ್ಕೂ ತೆರೆದದ್ದು 1965ರ ಅಕ್ಟೋಬರ್‌ನ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ, ಅದೇ ವರ್ಷದ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ. ರೇಸ್ ನೋಡಿ ಮನುಷ್ಯರನ್ನು ವಿಂಗಡಿಸೋದು ನಾಚಿಕೆಗೇಡು ಅಂತ ಬೀದಿಗಿಳಿದು ಏಟು ತಿಂದವರು ಯಾರು ಅಂತ ಒಮ್ಮೆ ಯೋಚಿಸಿ. ನನ್ನ ಗಂಡನ ಎಚ್-1ಬಿ ಕಾಗದದ ಹಿಂದೆಯೂ ಆ ಏಟಿನ ಗುರುತಿದೆ.

ಯಾರಾದರೂ ತಮ್ಮ ನೋವು ಹೇಳುವಾಗ “ನಮ್ಮನ್ನೂ ಬ್ರಿಟಿಷರು ಆಳಿದರು” ಅಂತ ನಡುವೆ ಬಾಯಿ ಹಾಕಬೇಡಿ. ಸಾವಿನ ಮನೆಗೆ ಹೋಗಿ ನಮ್ಮ ಮನೆಯ ಸಾವಿನ ಕಥೆ ಶುರು ಮಾಡಿದ ಹಾಗೆ ಅದು. ಹೇಳಲೇಬೇಕಾದರೆ ನಮ್ಮ ಬಣ್ಣದ ಹುಚ್ಚಿನ ಬಗ್ಗೆ ಹೇಳಿ, ಮರ್ಯಾದೆ ಹೆಚ್ಚುತ್ತದೆ: ಕೂಸಿಗೆ ಕಡಲೆಹಿಟ್ಟು ಉಜ್ಜೋದು, ‘ಫೇರ್ ಅಂಡ್ ಲವ್ಲಿ’ ಹೆಸರಿನಿಂದ ‘ಫೇರ್’ ಬಿದ್ದುಹೋಗಲು 2020 ಬರಬೇಕಾಯಿತು ಅನ್ನೋದು.

ಹೆಜ್ಜೆ 6: ಮಕ್ಕಳ ಉತ್ತರ ಮಕ್ಕಳಿಗೆ ಬಿಡಿ

ಗೆಳತಿಯ ಮಗಳಿಗೆ ಹನ್ನೊಂದು ವರ್ಷ. ಅಮ್ಮ ಅರಸೀಕೆರೆಯವಳು, ಅಪ್ಪ ಡೊಮಿನಿಕನ್ ರಿಪಬ್ಲಿಕ್ ಅನ್ನೋ ಕೆರಿಬಿಯನ್ ದೇಶದವನು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಹುಡುಗಿಯರ ಜೊತೆ ಅವಳು ಡೊಮಿನಿಕನ್; ಭಾನುವಾರದ ಕನ್ನಡ ತರಗತಿಯಲ್ಲಿ ಕನ್ನಡದವಳು; ಫಾರಂ ಬಂದರೆ ಎರಡು ಮೂರು ಚೌಕ ಟಿಕ್ ಮಾಡುತ್ತಾಳೆ. (ಒಂದಕ್ಕಿಂತ ಹೆಚ್ಚು ರೇಸ್ ಗುರುತಿಸಲು ಅಮೆರಿಕದ ಜನಗಣತಿ 2000ದಿಂದ ಬಿಟ್ಟಿದೆ, 2020ರಲ್ಲಿ 3 ಕೋಟಿ 38 ಲಕ್ಷ ಜನ ಹಾಗೆ ಗುರುತಿಸಿದರು.) ಅಮ್ಮನಿಗೆ ಚಿಂತೆ, ಮಗುವಿಗೆ ಗೊಂದಲವೇನೋ ಅಂತ. ಕೇಳಿಯೂ ಬಿಟ್ಟಳು. ಹುಡುಗಿ ಹೇಳಿದ್ದು: “ನೀನೂ ತಾನೇ ಮಾಡೋದು? ಅಮೆರಿಕದವರು ಕೇಳಿದ್ರೆ ಇಂಡಿಯಾ, ಇಂಡಿಯಾದವರು ಕೇಳಿದ್ರೆ ಬೆಂಗಳೂರು, ಕನ್ನಡ ಕೂಟದಲ್ಲಿ ಅರಸೀಕೆರೆ.”

ಕಮಲಾ ಹ್ಯಾರಿಸ್ ಅವರ ಕಥೆ ಎಲ್ಲರಿಗೂ ಗೊತ್ತು. ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನ ಮೂಲದವರು, ತಂದೆ ಜಮೈಕಾದವರು. 2024ರ ಜುಲೈನಲ್ಲಿ ಶಿಕಾಗೋದಲ್ಲಿ ಬ್ಲ್ಯಾಕ್ ಪತ್ರಕರ್ತರ ಸಮ್ಮೇಳನದ ವೇದಿಕೆಯ ಮೇಲೆ ಟ್ರಂಪ್, ಇವರು ಮೊದಲು ಇಂಡಿಯನ್ ಆಗಿದ್ದರು, ಈಗ ಇದ್ದಕ್ಕಿದ್ದಂತೆ ಬ್ಲ್ಯಾಕ್ ಆದರು ಅಂದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಷ್ಟು ಜನ “ಅದು ನಿಜಾನೇ ಅಲ್ವಾ” ಅಂದರು! ಎರಡೂ ಆಗಿರಬಹುದು ಅನ್ನೋದು ನಮಗೆ ಹೊಸದಾ? ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರನ್ನು ಯಾರೂ ‘ಒಂದು ಆರಿಸಿಕೋ’ ಅನ್ನೋದಿಲ್ಲವಲ್ಲ.

ಹಿರಿಯರು ಆರು ತಿಂಗಳಿಗೆ ಅಂತ ಬಂದಾಗ ಮೊದಲ ವಾರದಲ್ಲೇ ಕೂರಿಸಿ ಹೇಳಿಬಿಡಿ: ಬೀಗರ ಎದುರು ಮಗುವಿನ ಬಣ್ಣದ ಮಾತಿಲ್ಲ, ಕೂದಲಿಗೆ ‘ಗುಂಗುರು ಜಾಸ್ತಿಯಾಯ್ತು’ ಅನ್ನೋದಿಲ್ಲ. ಮುನಿಸಿಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಕಾಫಿ ಕೇಳುತ್ತಾರೆ.

ಹೆಜ್ಜೆ 7: ವಿವರಣೆ ಬೇಡದ ಜಾಗ

ಕೆಲವು ಸಲ ‘ಎಲ್ಲಿಯವನು ನೀನು?’ ಅನ್ನೋದು ಪ್ರಶ್ನೆಯಲ್ಲ. 2017ರ ಫೆಬ್ರವರಿ 22ರಂದು ಕ್ಯಾನ್ಸಸ್‌ನ ಒಲೇತ್‌ನಲ್ಲಿ ಇಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಗೆಳೆಯನ ಜೊತೆ ಬಾರಿನಲ್ಲಿ ಕೂತಿದ್ದರು. ಅಪರಿಚಿತನೊಬ್ಬ ಬಂದು ನಿಮ್ಮ ವೀಸಾ ಯಾವುದು ಅಂತ ಕೆದಕಿದ. ಅವನನ್ನು ಹೊರಗೆ ಕಳಿಸಿದರು. ಬಂದೂಕು ಹಿಡಿದು ವಾಪಸ್ ಬಂದ. ದನಿ ಬಿರುಸಾದರೆ, ಕುಡಿದಿದ್ದರೆ, ಹೊರಗೆ ಹೋಗಿ ಮತ್ತೆ ಬರುವ ಸೂಚನೆ ಇದ್ದರೆ ನಿಮ್ಮ ಸಿದ್ಧ ವಾಕ್ಯವನ್ನು ಮರೆತುಬಿಡಿ. ಬಿಲ್ಲು ಕೊಡುವವರಿಗೆ ಹೇಳಿ, ಜೊತೆಗಿರುವವರನ್ನು ಎಬ್ಬಿಸಿ, ಹೊರಡಿ.

ಅಂಥ ಹೊತ್ತಿನಲ್ಲಿ “ನಾನು ಮುಸ್ಲಿಂ ಅಲ್ಲ” ಅಂತ ಹೇಳಿ ತಪ್ಪಿಸಿಕೊಳ್ಳಲು ನೋಡುವವರಿದ್ದಾರೆ. ಅವಳಿ ಗೋಪುರದ ದಾಳಿಯಾದ ನಾಲ್ಕೇ ದಿನಕ್ಕೆ, 2001ರ ಸೆಪ್ಟೆಂಬರ್ 15ರಂದು, ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕಿನ ಮುಂದೆ ಕೊಲೆಯಾದ ಬಲಬೀರ್ ಸಿಂಗ್ ಸೋಧಿ ಸಿಖ್ಖರು. ಗುಂಡು ಹಾರಿಸುವವನು ಗುರುತಿನ ಚೀಟಿ ಕೇಳೋದಿಲ್ಲ. ಜೊತೆಗೆ, ಆ ವಾಕ್ಯ ‘ಹೊಡೆಯೋದಾದರೆ ಪಕ್ಕದ ಮನೆಯವರನ್ನು ಹೊಡಿ’ ಅಂತಲೇ ಆಗುತ್ತದೆ.

ಹೆಜ್ಜೆ 8: ಊರಿಗೆ ಹೋದಾಗ

ರಜೆಗೆ ಹೋದಾಗ ಇದೆಲ್ಲ ಇನ್ನೊಮ್ಮೆ ಪರೀಕ್ಷೆಗೆ ಬರುತ್ತದೆ, ಈ ಸಲ ನಾವು ಬಹುಮತದ ಕಡೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಗುವಾಹಟಿಗೆ ಹೊರಟ ರೈಲುಗಳಲ್ಲಿ ಈಶಾನ್ಯದ ಸಾವಿರಾರು ಜನ ಗಾಳಿಸುದ್ದಿಗೆ ಹೆದರಿ ನಿಂತುಕೊಂಡೇ ಹೋದರು. ಇಷ್ಟು ವರ್ಷ ನಮ್ಮ ಜೊತೆ ಇದ್ದರೂ ಅವರನ್ನು ‘ನೇಪಾಳಿಯಾ, ಚೀನಾನಾ?’ ಅಂತ ಕೇಳುವವರು ಇನ್ನೂ ಇದ್ದಾರೆ.

ಸಿದ್ದಿಗಳ ವಿಷಯ ಇನ್ನೂ ಹತ್ತಿರದ್ದು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರು. ಆಫ್ರಿಕಾದಿಂದ ಹಲವರನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮರಿಮಕ್ಕಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಮಾತು ಕೊಂಕಣಿ, ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಆದರೂ ಬೆಂಗಳೂರಿನ ಆಟೋದವರು ಅವರ ಜೊತೆ ಇಂಗ್ಲಿಷಿನಲ್ಲೇ ಮಾತು ಶುರು ಮಾಡುತ್ತಾರೆ.

ಹಿಂದಿನ ಸಲ ಧಾರವಾಡದಿಂದ ಹಳಿಯಾಳದ ಬಸ್ಸು ಹತ್ತಿದ್ದೆ. ಮಗನ ಹಳೆಯ ಬೆನ್ನುಚೀಲ, ಕೈಯಲ್ಲಿ ನೀರಿನ ದೊಡ್ಡ ಸ್ಟೀಲ್ ಬಾಟಲಿ. ಕಿಟಕಿ ಪಕ್ಕ ಗುಂಗುರು ಕೂದಲಿನ ಹುಡುಗ, ಕಾಲೇಜಿನ ವಯಸ್ಸು. ಎಂಟು ಹೆಜ್ಜೆ ಬರೆಯುವ ನಾನು, ಬಾಯಿ ತೆರೆದು “ವೇರ್ ಆರ್ ಯೂ ಫ್ರಮ್?” ಅಂದೆ. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಹಳಿಯಾಳರೀ,” ಅಂದ. ನನ್ನ ಚೀಲ, ಬಾಟಲಿ, ಬೂಟು ಮೇಲಿಂದ ಕೆಳಗೆ ನೋಡಿ, “ನೀವ್ ಯಾವ ದೇಶದಾವ್ರು?”

“ತಿಪಟೂರು” ಅಂದೆ.

“ಅಲ್ಲರೀ, ಖರೇ ಹೇಳ್ರಿ.”